ಚಹಾ ಆದ ಮೇಲಿನ ವಾಸನೆ

ಗ್ಲೆನಿಸ್ ಪೆಂಗೆಲ್ಲಿ ಮೂಸಿ ಮುಗಿಸುವ ತನಕ ಈರುಳ್ಳಿ ಹುರಿಯಬಾರದು ಎಂಬುದು ವಿಲ್ಲಾರ ಗುಡ್ಡದ ಕಾರ್ ಕ್ಲಬ್ಬಿನಲ್ಲಿ ಯಾರೂ ಎಲ್ಲೂ ಬರೆದಿಡದ ಕಾನೂನು. ಸಾಸೇಜು ಬೇಯಲಿ, ಬ್ರೆಡ್ಡು ಕಾಯಲಿ, ಈರುಳ್ಳಿ ಮಾತ್ರ ಕಾವಲಿಗೆ ಬೀಳಬಾರದು. ಸಿಗರೇಟು ಹಚ್ಚುವವರು ಬೇಲಿಯಾಚೆ ಕುರಿಗಳ ಜೊತೆ ನಿಲ್ಲಬೇಕು. ಹಸಿದ ಗಂಡಸರು ಗೊಣಗುತ್ತಿದ್ದರು, ಆದರೂ ಕಾಯುತ್ತಿದ್ದರು. ಅಲ್ಲಿದ್ದ ಒಬ್ಬೊಬ್ಬರ ಇಂಜಿನ್ನನ್ನೋ ಕ್ಲಚ್ಚನ್ನೋ ಒಂದಲ್ಲ ಒಂದು ಸಲ ಆ ಮೂಗು ಉಳಿಸಿಕೊಟ್ಟಿತ್ತಲ್ಲ, ಕಾಯದೆ ಇನ್ನೇನು ಮಾಡಿಯಾರು?

ಗುಡ್ಡ ಹತ್ತುವ ಸ್ಪರ್ಧೆ ಎಂದರೆ ಭಾರಿ ದೂರವೇನಲ್ಲ. ಕೆಳಗಿನ ಗೇಟಿನಿಂದ ಮೇಲಿನ ನೀರಿನ ಟ್ಯಾಂಕಿನವರೆಗೆ ನೀಲಗಿರಿ ಮರಗಳ ನಡುವೆ ಒಂದು ಕಿರಿದಾದ ಡಾಂಬರು ರಸ್ತೆ. ಒಬ್ಬೊಬ್ಬರೇ ಹೋಗಬೇಕು, ಜಿದ್ದೆಲ್ಲ ಗಡಿಯಾರದ ಜೊತೆ. ಒಂದು ನಿಮಿಷವೂ ಹಿಡಿಯದ ಆ ಓಟದಲ್ಲಿ ಕಾರಿನ ಜೀವ ಬಾಯಿಗೆ ಬಂದಿರುತ್ತದೆ. ಇಳಿದು ಬಂದು ನಿಂತಾಗ ಅದರ ಮೈಯಿಂದ ಏಳುವ ವಾಸನೆಯಲ್ಲೇ ಅದರ ಕಷ್ಟಸುಖವೆಲ್ಲ ಇರುತ್ತದೆ. ತಕ್ಷಣ ಬಾನೆಟ್ ಎತ್ತಿದರೆ ಗಾಳಿಗೆ ಎಲ್ಲ ಕಲಸಿಹೋಗುತ್ತದೆ. ಆದ್ದರಿಂದ ಬಾನೆಟ್ ಮುಚ್ಚಿದ ಹಾಗೇ ಗ್ಲೆನಿಸ್ ಹುಲ್ಲಿನ ಟೋಪಿ ಹಾಕಿಕೊಂಡು, ಕೈ ಹಿಂದೆ ಕಟ್ಟಿಕೊಂಡು, ಒಂದು ಸುತ್ತು ಬರುತ್ತಿದ್ದಳು. ಸಕ್ಕರೆ ಪಾಕದ ಹಾಗೆ ಸಿಹಿಯಾಗಿ ಬಂದರೆ ರೇಡಿಯೇಟರಿನ ನೀರು ಎಲ್ಲೋ ಸೋರುತ್ತಿದೆ. ಕಾಗದ ಸುಟ್ಟ ಹಾಗಿದ್ದರೆ ಕ್ಲಚ್ಚಿನ ಕತೆ ಮುಗಿಯುತ್ತ ಬಂದಿದೆ. ಇಷ್ಟು ಮನಸ್ಸಿನಲ್ಲೇ ಇಟ್ಟುಕೊಂಡು, ಥರ್ಮಾಸಿನಿಂದ ಒಂದು ಲೋಟ ಚಹಾ ಸುರಿದುಕೊಂಡು ನಿಧಾನವಾಗಿ ಕುಡಿದು, ಎರಡನೆಯ ಸುತ್ತು ಬರುತ್ತಿದ್ದಳು. ಓಟದ ಕಾವಿಗೆ ಎದ್ದ ವಾಸನೆಯಾದರೆ ಅಷ್ಟರಲ್ಲಿ ಹೋಗಿರುತ್ತದೆ. ಚಹಾ ಆದ ಮೇಲೂ ಅಲ್ಲೇ ಕೂತಿದ್ದರೆ ಕಾರಿಗೆ ಏನೋ ಆಗಿದೆ ಎಂದೇ ಅರ್ಥ.

ಸ್ವತಃ ಅವಳು ಜೋರಾಗಿ ಕಾರು ಓಡಿಸಿದವಳಲ್ಲ. ಅಂಗಡಿಗೆ ಹೋಗುವಾಗ ಹಿಂದೆ ಲಾರಿ ಬಂದರೆ ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಡುವ ಹೆಂಗಸು. ಗುಡ್ಡದ ಹುಚ್ಚೆಲ್ಲ ಗಂಡ ಕ್ಲೈವನದು. ವಾರವಿಡೀ ಶೆಡ್ಡಿನಲ್ಲಿ ತನ್ನ ಹಸಿರು ಕಾರಿನ ಕೆಳಗೆ ಮಲಗಿರುತ್ತಿದ್ದ. ಅದಕ್ಕೆ ಮರ್ಟಲ್ ಎಂದು ಹೆಸರೂ ಇಟ್ಟಿದ್ದ. ಮದುವೆಯಾದ ಹೊಸದರಲ್ಲಿ ಗ್ಲೆನಿಸ್‌ಗೆ ಮರ್ಟಲ್ ಎಂದರೆ ಸವತಿಯೇ ಆಗಿತ್ತು. ಒಂದು ಸಂಜೆ ಊಟಕ್ಕೆ ಕರೆಯಲು ಶೆಡ್ಡಿಗೆ ಹೋದವಳು, "ಇಲ್ಯಾರು ಟಾಫಿ ಮಾಡ್ತಿರೋದು?" ಎಂದು ಕೇಳಿದಳು. ಕ್ಲೈವ್ ಕಾರಿನ ಒಳಗೆಲ್ಲ ತಡಕಾಡಿದ. ನೀರಿನ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕಿತು. ಅಂದಿನಿಂದ ಗುಡ್ಡದ ಬುಡದಲ್ಲಿ ಅವಳಿಗೂ ಒಂದು ಜಾಗವಾಯಿತು. ಅವಳು "ಹೋಗು" ಎನ್ನದೆ ಅವನು ಓಟಕ್ಕೆ ಹೊರಡುತ್ತಿರಲಿಲ್ಲ. ಗಂಡ ತನ್ನ ಮಾತು ಕೇಳುವ ಜಾಗ ಭೂಮಿ ಮೇಲೆ ಇದೊಂದೇ ಎಂದು ಅವಳು ನಗುತ್ತ ಹೇಳಿಕೊಳ್ಳುತ್ತಿದ್ದಳು. ನಗುತ್ತ ಹೇಳಿದರೂ ಅದು ನಿಜವೇ ಆಗಿತ್ತು.

ಹೋದ ವಸಂತದಲ್ಲಿ ಕಿರಿಲಿ ಬಂದಳು.

ಕಿರಿಲಿ ಡನ್‌ಸ್ಟೋನ್‌ಗೆ ನಲವತ್ತರ ಆಸುಪಾಸು. ಮೆಲ್ಬರ್ನಿನಲ್ಲಿ ಬ್ರೇಕು ಕ್ಲಚ್ಚು ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು, ಈಗ ನಮ್ಮೂರಿಗೆ ಬಂದು ನೆಲೆಸಿದ್ದಳು. ಮೊದಲ ದಿನವೇ ತನ್ನ ಪುಟ್ಟ ಕೆಂಪು ಕಾರನ್ನು ಗುಡ್ಡ ಹತ್ತಿಸಿ ಇಳಿದು ಬಂದಳು. ಹೊಸಬಳಿಗೆ ಸಹಾಯ ಮಾಡೋಣವೆಂದು ಗ್ಲೆನಿಸ್ ಟೋಪಿ ಸರಿಮಾಡಿಕೊಂಡು ಹೊರಟಳು. ಅಷ್ಟರಲ್ಲಿ ಕಿರಿಲಿಯೇ ಹೆಲ್ಮೆಟ್ ತೆಗೆದು, ಚಕ್ರದ ಹತ್ತಿರ ಬಗ್ಗಿ, ಒಂದು ಉಸಿರು ಎಳೆದುಕೊಂಡು, "ಬಲಗಡೆ ಹಿಂದಿನ ಬ್ರೇಕು ಹಿಡ್ಕೊಂಡ್ಬಿಟ್ಟಿದೆ" ಎಂದಳು. ಗ್ಲೆನಿಸ್ ಅದನ್ನೇ ಹೇಳಬೇಕೆಂದಿದ್ದಳು. ಬಾಯಿಗೆ ಹಾಕಿಕೊಳ್ಳುವ ತುತ್ತನ್ನು ಯಾರೋ ಕಿತ್ತುಕೊಂಡಂತಾಯಿತು.

"ಓ, ನೀವೇನಾ ಮೂಗಮ್ಮ! ನಿಮ್ ವಿಷಯ ಎಷ್ಟು ಕೇಳಿದೀನಿ ಗೊತ್ತಾ!" ಎಂದು ಕಿರಿಲಿ ಕೈ ಚಾಚಿದಳು.

ಗ್ಲೆನಿಸ್ ಕೈ ಕುಲುಕಿದಳು. ಆ ಕಡೆ ತಿರುಗಿದ ಮೇಲೆ ತನ್ನ ಬೆರಳು ಮೂಸಿ ನೋಡಿಕೊಂಡಳು. ನಿಂಬೆ ವಾಸನೆಯ ಸೋಪು. ಅದರಲ್ಲೂ ಏನೂ ತಪ್ಪು ಸಿಗಲಿಲ್ಲವಲ್ಲ ಎಂದು ಇನ್ನಷ್ಟು ಉರಿಯಿತು.

ಆಮೇಲೆ ಮೊಟ್ಟೆಯ ಪ್ರಕರಣ ನಡೆಯಿತು. ಬೇಸಿಗೆಯ ಒಂದು ಕೂಟದಲ್ಲಿ ಕ್ಲೈವ್ ಇಳಿದು ಬಂದಾಗ ಮರ್ಟಲ್ ಮೈಯಿಂದ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿತ್ತು. ಚಹಾ ಆದ ಮೇಲೂ ಹೊಡೆಯುತ್ತಿತ್ತು. ಗ್ಲೆನಿಸ್ ಗಂಭೀರವಾಗಿ, "ಬ್ಯಾಟರಿ. ಚಾರ್ಜ್ ಜಾಸ್ತಿ ಆಗಿ ಒಳಗೆ ಕುದೀತಿದೆ. ಬಿಚ್ಚಿಬಿಡು" ಎಂದಳು. ಕ್ಲೈವ್ ಮರುಮಾತಾಡದೆ ಬ್ಯಾಟರಿ ಬಿಚ್ಚಿದ. ಅಲ್ಲೇ ನಿಂತಿದ್ದ ಕಿರಿಲಿ ಕಿಟಕಿಯಲ್ಲಿ ತಲೆ ಹಾಕಿ, ಸೀಟಿನ ಅಡಿಗೆ ಕೈ ತೂರಿಸಿ, ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಹೊರಗೆಳೆದಳು. ಹೋದ ಕೂಟದಲ್ಲಿ ಗ್ಲೆನಿಸ್‌ಳೇ ಗಂಡನಿಗೆ ಕಟ್ಟಿಕೊಟ್ಟಿದ್ದ ಮೊಟ್ಟೆ ಸ್ಯಾಂಡ್‌ವಿಚ್ ಅದು.

ಇಡೀ ಮೈದಾನ ನಕ್ಕಿತು. ಕ್ಲೈವನ ಜೊತೆ ಒಂದೇ ವರ್ಗದಲ್ಲಿ ಓಡುವ ಡೂಗಲ್ ಎಂಬ ದಢೂತಿಯಂತೂ ನೆಲದ ಮೇಲೆ ಕೂತುಬಿಟ್ಟ. "ಬ್ಯಾಟರಿ ಮೇಲೆ ಉಪ್ಪು ಮೆಣಸು ಹಾಕ್ಕೊಂಡು ತಿನ್ನೋ, ಕ್ಲೈವ್!" ಎಂದು ಕೂಗಿದ. ಅವನು ನಕ್ಕಿದ್ದಕ್ಕೆ ಗ್ಲೆನಿಸ್‌ಗೆ ಬೇಜಾರಾಗಲಿಲ್ಲ. ಕ್ಲೈವ್ ಕಿರಿಲಿಯ ಭುಜ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕನಲ್ಲ, ಅದು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಅಲ್ಲಿಂದ ಮನೆಯಲ್ಲಿ ಊಟಕ್ಕೆ ಕೂತರೆ ಕಿರಿಲಿ, ಎದ್ದರೆ ಕಿರಿಲಿ. "ಕಿರಿಲಿ ಗೇರ್ ಬದಲಾಯಿಸು ಅಂದ್ಲು." "ಕಿರಿಲಿ ಟೈರಿಗೆ ಗಾಳಿ ಸ್ವಲ್ಪ ಇಳ್ಸು ಅಂದ್ಲು." ಗಾಳಿ ಇಳಿಸಿದ, ಗೇರ್ ಬದಲಾಯಿಸಿದ, ಹಾಳಾದವನು ನಿಜಕ್ಕೂ ಬೇಗ ಗುಡ್ಡ ಹತ್ತತೊಡಗಿದ. ಒಂದು ಸೋಮವಾರ ಬಟ್ಟೆ ಒಗೆಯುವ ಮುಂಚೆ ಗ್ಲೆನಿಸ್ ಅವನ ಅಂಗಿ ಮೂಸಿದಳು. ಗ್ರೀಸು, ಬೆವರು, ಆಮೇಲೆ ನಿಂಬೆ ಸೋಪು. ನೇರವಾಗಿ ಶೆಡ್ಡಿಗೆ ನಡೆದಳು. ಕೈ ತೊಳೆಯುವ ತೊಟ್ಟಿಯ ಮೇಲೆ ಸೋಪಿನ ಹಳದಿ ಡಬ್ಬ ಕೂತಿತ್ತು.

"ಅದಾ? ಕಿರಿಲಿ ಕೊಟ್ಲು. ಗ್ರೀಸು ಚೆನ್ನಾಗಿ ಹೋಗತ್ತೆ" ಎಂದ ಕ್ಲೈವ್, ಕಾರಿನ ಅಡಿಯಿಂದಲೇ.

"ಇಷ್ಟು ದಿನ ನಾನು ತಂದಿಟ್ಟ ಸೋಪಲ್ಲಿ ಹೋಗ್ತಿರ್ಲಿಲ್ವಾ?"

"ಅಯ್ಯೋ, ಸೋಪು ಸೋಪೇ ಕಣೇ."

ಅವನ ಮಟ್ಟಿಗೆ ಅದು ಸೋಪೇ. ಅವಳಿಗೆ ಹಾಗಲ್ಲ. ಗಂಡನಿಗೂ ಆ ಹೆಂಗಸಿಗೂ ಏನೂ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದ್ದಿದ್ದರೆ ಬೈಯಲು ಒಂದು ದಾರಿಯಾದರೂ ಇರುತ್ತಿತ್ತು. ಕಿರಿಲಿಗೆ ಓಡಿಸಲೂ ಬರುತ್ತದೆ, ಬಿಚ್ಚಿ ಜೋಡಿಸಲೂ ಬರುತ್ತದೆ, ಜೊತೆಗೆ ಮೂಸಲೂ ಬರುತ್ತದೆ. ತನಗೆ ಬರುವುದು ಒಂದೇ. ಆ ಒಂದನ್ನೂ ಅವಳು ತೆಗೆದುಕೊಂಡರೆ, ತಾನು ಗುಡ್ಡದ ಬುಡದಲ್ಲಿ ಚಹಾ ಸುರಿಯುವ ಮುದುಕಿ. ಗ್ಲೆನಿಸ್‌ಳ ಹೊಟ್ಟೆಯುರಿಯ ತಿರುಳು ಇಷ್ಟೇ, ಆದರೆ ಅದು ರಾತ್ರಿಯ ನಿದ್ದೆಗೆಡಿಸುವಷ್ಟಿತ್ತು.

ಶರತ್ಕಾಲದ ಕೊನೆಯ ಕೂಟ. ಆ ವರ್ಷದ ಗೆಲುವಿನ ಕಪ್ಪು ಯಾರಿಗೆಂದು ಅಂದೇ ತೀರ್ಮಾನವಾಗಬೇಕು. ಅಂದಿನ ತನಕ ಕ್ಲೈವ್ ಡೂಗಲನಿಗಿಂತ ಕಣ್ಣು ಮಿಟುಕಿಸುವಷ್ಟು ಮುಂದಿದ್ದ. ಆದರೆ ಡೂಗಲನ ಕೊನೆಯ ಓಟ ಮುಗಿದಿತ್ತು, ಅದರಲ್ಲಿ ಅವನು ಕ್ಲೈವನನ್ನು ಹಿಂದೆ ಹಾಕಿಬಿಟ್ಟ. ಈಗ ಕ್ಲೈವನಿಗೆ ಉಳಿದದ್ದು ಒಂದೇ ಓಟ. ಅದಕ್ಕೆ ಮುಂಚಿನ ಓಟ ಮುಗಿಸಿ ಅವನು ಕೆಳಗೆ ಬಂದು ನಿಂತಾಗ ಸುತ್ತ ಜನ ಸೇರಿದರು. ಕಾವಲಿಯ ಪಕ್ಕದಲ್ಲಿ ಹೆಚ್ಚಿಟ್ಟ ಈರುಳ್ಳಿ ಕಾಯುತ್ತಿತ್ತು.

"ಏನಂತಾಳೆ ನಮ್ ಮರ್ಟಲ್?" ಎಂದ ಕ್ಲೈವ್, ಬೆವರು ಒರೆಸಿಕೊಳ್ಳುತ್ತ.

ಮುಂದಿನ ಎಡ ಚಕ್ರದ ಹತ್ತಿರ ಬಂದ ಕೂಡಲೇ ಗ್ಲೆನಿಸ್‌ಗೆ ಪೆಟ್ರೋಲು ಸಿಕ್ಕಿತು. ಹೇಳೋಣವೆಂದು ತಲೆ ಎತ್ತುವಷ್ಟರಲ್ಲಿ, ಸೇಬು ಕಚ್ಚುತ್ತ ಆ ಕಡೆಯಿಂದ ಬಂದ ಕಿರಿಲಿ ನಿಂತಳು.

"ಕ್ಲೈವ್, ಪೆಟ್ರೋಲ್ ಹೊಡೀತಿದೆ. ಎಲ್ಲೋ ಪೈಪ್ ಒಸರ್ತಿರ್ಬೇಕು. ಬಾನೆಟ್ ಎತ್ತಿ ಇಂಜಿನ್ ಹಾಕಿ ನೋಡ್ಬಿಡು."

ಕ್ಲೈವ್ ಹೆಂಡತಿಯ ಕಡೆ ನೋಡಿದ. ಎಲ್ಲರೂ ನೋಡಿದರು.

"ತಿರುವಲ್ಲಿ ಕಾರ್ಬ್ಯುರೇಟರ್ ತುಳುಕಿರತ್ತೆ" ಎಂದಳು ಗ್ಲೆನಿಸ್. "ಚಹಾ ಆಗ್ಲಿ, ಆಮೇಲೆ ನೋಡೋಣ."

ಅಲ್ಲಿಯತನಕ ಅವಳು ಸುಳ್ಳು ಹೇಳಿರಲಿಲ್ಲ. ಆ ತಿರುವಿನಲ್ಲಿ ಹಾಗೆ ಪೆಟ್ರೋಲು ಚೆಲ್ಲುವುದುಂಟು, ಚೆಲ್ಲಿದ್ದು ಕಾವಿಗೆ ಆರಿಹೋಗುವುದೂ ಉಂಟು. ಲೋಟಕ್ಕೆ ಚಹಾ ಸುರಿದುಕೊಂಡು ಮಡಚುವ ಕುರ್ಚಿಯಲ್ಲಿ ಕೂತಳು. ಎದುರಿಗೇ ಕ್ಲೈವ್ ಕಿರಿಲಿಯ ಜೊತೆ ನಿಂತು, ಕೈಯಲ್ಲೇ ಗಾಳಿಯಲ್ಲಿ ತಿರುವುಗಳನ್ನು ಬರೆದು ತೋರಿಸುತ್ತಿದ್ದ. ಅವಳು ತಲೆ ಅಲ್ಲಾಡಿಸಿ ಅವನ ಕೈಯನ್ನೇ ಹಿಡಿದು, ಹೀಗಲ್ಲ ಹೀಗೆ, ಎಂದು ತಿರುಗಿಸಿದಳು. ಇಬ್ಬರೂ ನಕ್ಕರು. ಗ್ಲೆನಿಸ್‌ಗೆ ಚಹಾ ಬಿಸಿಯೋ ತಣ್ಣಗೋ ತಿಳಿಯಲಿಲ್ಲ.

ಎದ್ದು ಎರಡನೆಯ ಸುತ್ತು ಬಂದಳು. ಹಿಂದಿನ ಚಕ್ರಗಳಲ್ಲಿ ಏನೂ ಇಲ್ಲ. ಮುಂದಿನ ಎಡಗಡೆ ಬಾನೆಟ್ಟಿನ ಸಂದಿಯಲ್ಲಿ ಪೆಟ್ರೋಲು ಇನ್ನೂ ಇತ್ತು. ಮೊದಲಿಗಿಂತ ಹಸಿಯಾಗಿತ್ತು. ಒಸರುತ್ತಿದೆ. ಯಾವ ಅನುಮಾನವೂ ಇರಲಿಲ್ಲ.

"ಏನ್ ಮೂಗಮ್ಮ, ಇವತ್ತೂ ಮೊಟ್ಟೆ ಸಿಕ್ತಾ?" ಎಂದ ಡೂಗಲ್ ಹಿಂದಿನಿಂದ. "ಕಿರಿಲಿ ಆಗ್ಲೇ ಹೇಳಾಯ್ತು, ಸುಮ್ನೆ ಹೂಂ ಅನ್ನು. ಈರುಳ್ಳಿ ಒಣಗ್ತಿದೆ!"

ಮತ್ತೆ ನಗು. ಸುಮ್ಮನೆ ಹೂಂ ಅನ್ನಬೇಕಂತೆ. ಆ ಹೂಂ ಅಂದ ದಿನವೇ ತನ್ನ ಟೋಪಿ ಕಿರಿಲಿಯ ತಲೆಗೆ ಹೋಗುತ್ತದೆ ಎಂದು ಗ್ಲೆನಿಸ್‌ಗೆ ಅನಿಸಿತು. ನೆಟ್ಟಗೆ ನಿಂತಳು.

"ಹೋಯ್ತು. ಏನೂ ಇಲ್ಲ" ಎಂದಳು. "ಹೋಗು."

"ಇಲ್ಲ ಕ್ಲೈವ್, ಒಂದೇ ನಿಮಿಷ ತೆಗೆದು ನೋಡು" ಎಂದಳು ಕಿರಿಲಿ. "ನಂಗೆ ಈಗ್ಲೂ ಬರ್ತಿದೆ."

ಧ್ವನಿವರ್ಧಕದಲ್ಲಿ ಕ್ಲೈವನ ಹೆಸರು ಕೂಗಿದರು. ಸಾಲಿಗೆ ಹೋಗದಿದ್ದರೆ ಓಟ ಹೋದಂತೆ. ಕ್ಲೈವ್ ಹೆಲ್ಮೆಟ್ ಎತ್ತಿಕೊಂಡ.

"ಗ್ಲೆನ್ ಹೋಗು ಅಂದ್ಲಲ್ಲ" ಎಂದ. ಅಷ್ಟೇ ಹೇಳಿ ಕಾರಿನಲ್ಲಿ ಕೂತ.

ಮರ್ಟಲ್ ಗುರುಗುಟ್ಟುತ್ತ ಸಾಲಿನ ಕಡೆ ಹೊರಟಿತು. ಯಾರೋ ಕಾವಲಿಗೆ ಈರುಳ್ಳಿ ಸುರಿದರು. ಆ ಕ್ಷಣಕ್ಕೆ ಮೈದಾನದಲ್ಲಿ ಬೇರೆ ಯಾವ ವಾಸನೆಯೂ ಉಳಿಯಲಿಲ್ಲ. ಗೆದ್ದೆ ಎಂದುಕೊಂಡಳು ಗ್ಲೆನಿಸ್.

ಕಿರಿಲಿ ಹತ್ತಿರ ಬಂದಳು. ದನಿಯಲ್ಲಿ ಜಗಳವಿರಲಿಲ್ಲ.

"ಗ್ಲೆನಿಸ್, ನಿಜವಾಗ್ಲೂ ಹೋಗಿತ್ತಾ?"

"ನೀನು ಹುಟ್ಟೋಕ್ ಮುಂಚೆಯಿಂದ ನಾನಿಲ್ಲಿ ಮೂಸ್ತಿದೀನಿ. ನಂಗೆ ಹೇಳ್ಕೊಡೋಕೆ ಬರ್ಬೇಡ."

ಅದೂ ಪೂರ್ತಿ ನಿಜವಲ್ಲ, ಇರಲಿ. ಕಿರಿಲಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ವಾದ ಮಾಡದೆ ತನ್ನ ಕೆಂಪು ಕಾರಿನ ಹತ್ತಿರ ಹೋಗಿ, ಒಳಗೆ ಬಿಗಿದಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು, ಓಟ ಶುರುವಾಗುವ ಕಡೆಗೆ ದಾಪುಗಾಲು ಹಾಕಿದಳು.

ಅದನ್ನು ನೋಡಿ ಗ್ಲೆನಿಸ್‌ಳ ಮೈಯೆಲ್ಲ ಉರಿದುಹೋಯಿತು. ನನ್ನ ಗಂಡನ ಜೀವಕ್ಕೆ ಹೆದರುವುದಕ್ಕೆ ಇವಳ್ಯಾರು? ಆ ಭಯ ನನ್ನದಲ್ಲವೇ? ಹೀಗೆ ಅಂದುಕೊಂಡ ಮರುಗಳಿಗೆಯೇ ಆ ಭಯ ಬಂದೇಬಿಟ್ಟಿತು. ಕಾದು ಕೆಂಪಾದ ಹೊಗೆ ಕೊಳವೆ, ಅದರ ಮೇಲೆ ಪೆಟ್ರೋಲು, ಬೆಲ್ಟು ಬಿಗಿದು ಕೂತ ಕ್ಲೈವ್. ಟೋಪಿ ಹಾರಿಹೋದದ್ದೂ ತಿಳಿಯದೆ ಅವಳು ಓಡಿದಳು. ಮಂಡಿ ನೋವಿನ ಹೆಂಗಸು ಹಾಗೆ ಓಡಿದ್ದನ್ನು ನಮ್ಮ ಕ್ಲಬ್ಬಿನಲ್ಲಿ ಯಾರೂ ಕಂಡಿರಲಿಲ್ಲ. ಕಿರಿಲಿಯನ್ನೂ ಹಿಂದೆ ಹಾಕಿ, ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಅಡಿಯಲ್ಲಿ ನುಸುಳಿ, ಮರ್ಟಲ್‌ನ ಮೂತಿಯ ಎದುರು ಎರಡೂ ಕೈ ಅಗಲಿಸಿ ನಿಂತುಬಿಟ್ಟಳು.

ಓಟಕ್ಕೆ ಬಿಡುವ ಕೆಲಸ ಫರ್ಗಸ್‌ನದು. ಮೆತ್ತಗಿನ ಮನುಷ್ಯ, ಅವನೇ ಅಬ್ಬರಿಸಿದ. "ಏಯ್ ಗ್ಲೆನಿಸ್! ತಲೆ ಕೆಟ್ಟಿದೆಯಾ? ಹಗ್ಗದಿಂದಾಚೆ ಹೋಗು! ಹೀಗ್ ಬಂದ್ರೆ ಅವನ ಓಟ ಹೋಗತ್ತೆ ಗೊತ್ತಲ್ಲ!"

"ಹೋಗ್ಲಿ! ಪೆಟ್ರೋಲ್ ಒಸರ್ತಿದೆ. ಅವ್ನನ್ನ ಬಿಡ್ಬೇಡ."

"ಈಗ ತಾನೆ ಏನೂ ಇಲ್ಲ ಅಂದ್ಯಂತೆ?"

"ಸುಳ್ಳು ಹೇಳ್ದೆ" ಎಂದಳು ಗ್ಲೆನಿಸ್. ಏದುಸಿರಿನಲ್ಲಿ ಮಾತು ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ಹೇಳಿದಳು. "ಕಿರಿಲಿ ಹೇಳಿದ್ದೇ ಸರಿ. ನಾನು ಬೇಕಂತಾನೇ ಸುಳ್ಳು ಹೇಳ್ದೆ."

ಹಿಂದೆಯೇ ಓಡಿ ಬಂದ ಕಿರಿಲಿ ಬಾನೆಟ್ ಎತ್ತಿದಳು. ಇಂಜಿನ್ ಇನ್ನೂ ಓಡುತ್ತಿತ್ತು. ರಬ್ಬರ್ ಪೈಪು ಬಂದು ಸೇರುವ ಕಡೆ ಪೆಟ್ರೋಲು ಮಣಿಯಾಗಿ ಕೂಡುತ್ತಿತ್ತು, ಉಬ್ಬುತ್ತಿತ್ತು, ಕಳಚಿ ಬೀಳುತ್ತಿತ್ತು. ಬಿದ್ದ ಕಡೆ, ಹೊಗೆ ಕೊಳವೆಯಿಂದ ಒಂದು ಬೆರಳಿನಷ್ಟು ಆಚೆ, ಕಬ್ಬಿಣ ಒದ್ದೆಯಾಗಿ ಹೊಳೆಯುತ್ತಿತ್ತು. "ಆಫ್ ಮಾಡೋ!" ಎಂದು ಕಿರಿಲಿ ಕೂಗಿದಳು. ಕ್ಲೈವ್ ಆಫ್ ಮಾಡಿದ. ಸುತ್ತ ಸೇರಿದವರಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಡೂಗಲ್ ಕೂಡ ಕೈಲಿದ್ದ ಸಾಸೇಜನ್ನು ಹಾಗೇ ಹಿಡಿದುಕೊಂಡು ನಿಂತಿದ್ದ. ಗೆದ್ದದ್ದು ತಾನೇ ಎಂಬುದು ಅವನಿಗಿನ್ನೂ ಹೊಳೆದಿರಲಿಲ್ಲ.

ಕ್ಲೈವ್ ಹೆಲ್ಮೆಟ್ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಬೆಲ್ಟು ಬಿಚ್ಚಲಿಲ್ಲ. ಗ್ಲೆನಿಸ್ ಕಿಟಕಿಯ ಹತ್ತಿರ ಬಂದಳು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದಳು. ಬೈದರೆ ಒಳ್ಳೆಯದು ಎಂದೇ ಅನಿಸುತ್ತಿತ್ತು.

"ನಂಗೂ ಬರ್ತಿತ್ತು ಗ್ಲೆನ್" ಎಂದ ಅವನು.

"ಏನು?"

"ಪೆಟ್ರೋಲು. ಸೀಟಲ್ಲಿ ಕೂತಾಗ್ಲೇ ಮೂಗಿಗೆ ರಪ್ ಅಂತ ಹೊಡೀತು."

"ಹಾಗಿದ್ಮೇಲೆ ಯಾಕೆ ಹೊರಟೆ?"

ಅವನು ಅವಳ ಮುಖ ನೋಡಿದ. ಕೋಪವಿರಲಿಲ್ಲ. ಗೊತ್ತಿರುವ ದಾರಿಯಲ್ಲಿ ಎಡವಿ ಬಿದ್ದವನ ಮುಖ ಹೇಗಿರುತ್ತದೆಯೋ ಹಾಗಿತ್ತು.

"ನೀನು ಹೋಗು ಅಂದ್ಯಲ್ಲ."

ಗ್ಲೆನಿಸ್ ಕಿಟಕಿಯ ಅಂಚು ಹಿಡಿದುಕೊಂಡಳು. ತನ್ನ ಜಾಗ ಹೋಗುತ್ತಿದೆ, ಹೋಗುತ್ತಿದೆ ಎಂದು ಇಷ್ಟು ತಿಂಗಳು ಹೊಟ್ಟೆಗೆ ಕಿಚ್ಚು ಇಟ್ಟುಕೊಂಡಿದ್ದಳಲ್ಲ, ಆ ಜಾಗಕ್ಕೆ ಯಾರೂ ಕೈ ಹಾಕಿರಲೇ ಇಲ್ಲ. ಕಿರಿಲಿಯ ಮಾತಿಗಿಂತ, ಅವನ ಸ್ವಂತ ಮೂಗಿಗಿಂತ ಅವಳ ಒಂದು ಮಾತು ಅವನಿಗೆ ಹೆಚ್ಚಾಗಿತ್ತು. ಇದು ತಿಳಿದಾಗ ಸಂತೋಷಪಡುವ ಯೋಗ್ಯತೆ ಅವಳಿಗೆ ಉಳಿದಿರಲಿಲ್ಲ. ಅತ್ತಳು. ಕ್ಲೈವ್ ಕಿಟಕಿಯಿಂದ ಕೈ ಚಾಚಿ ಅವಳ ಬೆನ್ನು ತಟ್ಟಿದ. ಮನೆಗೆ ಹೋಗುವ ದಾರಿಯಲ್ಲೂ, ಆಮೇಲಿನ ದಿನಗಳಲ್ಲೂ ಅವನು ಆ ವಿಷಯ ಎತ್ತಲಿಲ್ಲ. ಕಪ್ಪು ಡೂಗಲನ ಮನೆಗೆ ಹೋಯಿತು.

ಮುಂದಿನ ಕೂಟಕ್ಕೆ ಬರಲು ಗ್ಲೆನಿಸ್‌ಗೆ ಮನಸ್ಸಿರಲಿಲ್ಲ. ಕಿರಿಲಿಯೇ ಮನೆಗೆ ಬಂದು, "ನೀವು ಬರ್ದೇ ಇದ್ರೆ ಆ ಗಂಡಸರು ಬೆಳಗ್ಗೆಯಿಂದ್ಲೇ ಈರುಳ್ಳಿ ಹುರಿಯೋಕೆ ಶುರು ಮಾಡ್ತಾರೆ, ಏಳಿ" ಎಂದು ಎಬ್ಬಿಸಿಕೊಂಡು ಹೋದಳು. ಮೈದಾನದಲ್ಲಿ ಯಾರೂ ಹಳೆಯ ಮಾತು ತೆಗೆಯಲಿಲ್ಲ. ಡೂಗಲ್ ತಾನೇ ಕುರ್ಚಿ ತಂದು ಬಿಡಿಸಿಕೊಟ್ಟ.

ಕ್ಲೈವ್ ಗುಡ್ಡ ಹತ್ತಿ ಇಳಿದು ಬಂದು ನಿಂತ. ಗ್ಲೆನಿಸ್ ಒಂದು ಸುತ್ತು ಬಂದಳು. ಚಹಾ ಕುಡಿದಳು. ಎರಡನೆಯ ಸುತ್ತು ಎಂದಿಗಿಂತ ನಿಧಾನವಾಗಿ, ಒಂದೊಂದು ಸಂದಿಗೂ ಮುಖ ಕೊಟ್ಟು ಬಂದಳು. ಬಿಸಿ ಟೈರಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ನಿಜವಾಗಿಯೂ ಇರಲಿಲ್ಲ.

"ಏನೂ ಇಲ್ಲ ಕ್ಲೈವ್. ಹೋಗು."

"ಸರಿ" ಎಂದ ಅವನು.

ಹೆಲ್ಮೆಟ್ ಕೈಗೆ ತೆಗೆದುಕೊಂಡ. ಕಾರಿನ ಬಾಗಿಲವರೆಗೂ ಹೋದ. ಅಲ್ಲಿ ಒಂದು ಗಳಿಗೆ ನಿಂತು, ಮತ್ತೆ ಮುಂದಕ್ಕೆ ಬಂದು, ಬಾನೆಟ್ಟಿನ ಮೇಲೆ ಕೈಯೂರಿ ಬಗ್ಗಿ, ಸಂದಿಗೆ ಮೂಗು ಕೊಟ್ಟು ತಾನೇ ಉಸಿರು ಎಳೆದುಕೊಂಡ. ಕಿರಿಲಿ ಮುಖ ಬೇರೆ ಕಡೆ ತಿರುಗಿಸಿದಳು. ಗ್ಲೆನಿಸ್ ಲೋಟ ಹಿಡಿದು ನಿಂತಲ್ಲೇ ನಿಂತಿದ್ದಳು. ಅವನು ಕಿರಿಲಿಯನ್ನು ಕರೆದು ಕೇಳಿದ್ದರೂ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.